ಹಾಡೋರು ಇನ್ನೂ ಬಂದಿಲ್ವಾ?

ನಮಸ್ಕಾರ. ಬೆಳಗ್ಗೆ ಆರೂವರೆ, ಕ್ಯಾತ್ಸಂದ್ರ. ಹಬೆ ಕಾಣಿಸ್ತಿದೆ ಅಲ್ವಾ, ಅದು ತಟ್ಟೆ ಇಡ್ಲಿಯದು. ರಾತ್ರಿ ಪಾವಗಡ ಕಡೆಯ ಒಂದು ಹಳ್ಳಿಯಲ್ಲಿ ಗಣೇಶನ ಆರ್ಕೆಸ್ಟ್ರಾ ಇತ್ತು. ಅದನ್ನು ಮುಗಿಸಿ, ಸ್ಪೀಕರ್‌ಗಳನ್ನೆಲ್ಲ ಟೆಂಪೋಗೆ ತುಂಬಿ ತುಮಕೂರು ಸೇರುವಷ್ಟರಲ್ಲಿ ಬೆಳಕಾಗಿತ್ತು.

ನಿನ್ನೆಯ ಕಥೆ ಕೇಳಿ. ಹಾಡುವವರು ಬರುವುದು ತಡವಾಯಿತು, 'ಏನಾದ್ರೂ ನುಡಿಸ್ತಿರಪ್ಪ' ಅಂದರು ಕಮಿಟಿಯವರು. ನನಗೆ ಅಷ್ಟೇ ಸಾಕಿತ್ತು. ಗಿಟಾರ್‌ನಲ್ಲಿ ನಿಧಾನಗತಿಯ ಒಂದು ಬ್ಲೂಸ್ (ಅಮೆರಿಕದ ಕಪ್ಪುಜನರ ಸಂಗೀತ) ಎತ್ತಿಕೊಂಡು, ಕಣ್ಣು ಮುಚ್ಚಿ ನಾಲ್ಕು ನಿಮಿಷ ನುಡಿಸಿದೆ. ಕಣ್ಣು ಬಿಟ್ಟರೆ ವೇದಿಕೆಯ ಕೆಳಗೆ ಕಮಿಟಿಯ ಯಜಮಾನರು. 'ಚೆನ್ನಾಗಿದೆ ಕಣಪ್ಪ. ಹಾಡೋರು ಇನ್ನೂ ಬಂದಿಲ್ವಾ?'

'ದಾರೀಲಿದ್ದಾರೆ ಸಾರ್' ಅಂದೆ. ಇನ್ನೇನು ಹೇಳೋದು?

ದೇವಸ್ಥಾನದಲ್ಲಿ ನಾದಸ್ವರ ನುಡಿಸುವಾಗ ಯಾರೂ ಹೀಗೆ ಕೇಳುವುದಿಲ್ಲ. ಕೊಳಲು, ವೀಣೆಯ ಕಛೇರಿಗೆ ಸುಮ್ನೆ ಕೂತು ತಲೆದೂಗುತ್ತಾರೆ. ಗಿಟಾರ್ ಮಾತ್ರ ಹಾಡುವವರ ಹಿಂದೆ ನಿಲ್ಲಬೇಕು. ನನಗೆ ಅದು ಮುಂದೆ ನಿಲ್ಲಬೇಕು, ಅಷ್ಟೇ ಆಸೆ. ಹುಚ್ಚು ಅನ್ನಬೇಡಿ. ಇಂಗ್ಲೆಂಡಿನ ಗಿಟಾರ್ ವಾದಕ ಜೆಫ್ ಬೆಕ್ 1975ರಲ್ಲಿ 'ಬ್ಲೋ ಬೈ ಬ್ಲೋ' ಅಂತ ಒಂದು ಆಲ್ಬಮ್ ತಂದರು. ಅದರಲ್ಲಿ ಗಾಯಕರೇ ಇಲ್ಲ, ಆದರೂ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯಿತು. ಆಮೇಲೆ ಅವರು ತಂತಿ ಮೀಟುವ ಪಿಕ್ಕನ್ನೂ ಬಿಟ್ಟು ಬರಿ ಬೆರಳಲ್ಲೇ ನುಡಿಸುತ್ತಿದ್ದರು.

ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ವೀಣೆ ಟೀಚರ್ ಇದ್ದಾರೆ. ಒಂದು ದಿನ ಬಟ್ಟೆ ಒಣಗಿಸುತ್ತಾ ಕೇಳಿದರು, 'ಏನೋ, ಇದು ಶುದ್ಧ ಧನ್ಯಾಸಿ ರಾಗ ಅಲ್ವೇನೋ?' ನಿಜ, ಬ್ಲೂಸ್‌ನ ಮೈನರ್ ಪೆಂಟಾಟಾನಿಕ್ ಅನ್ನೋ ಸ್ವರಸಾಲಿನಲ್ಲೂ ಅವೇ ಐದು ಸ್ವರ. ಆಮೇಲೆ ಮೆಲ್ಲಗೆ, 'ಗಾಂಧಾರ ಮಾತ್ರ ಯಾಕೋ ಜಾಗದಲ್ಲಿ ನಿಲ್ತಿಲ್ಲ' ಅಂದರು. ಗಾಂಧಾರ ಅಂದರೆ ಸರಿಗಮದ 'ಗ'. ಅಯ್ಯೋ ಮೇಡಂ, ಆ ನಿಲ್ಲದೇ ಇರೋದೇ ಬ್ಲೂಸ್! ಇಲ್ಲಿ ಹತ್ತಿರದಿಂದ ನೋಡಿ: ಮೂರನೇ ತಂತಿ, ಐದನೇ ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಮೇಲಿನ ಐದನೇ ಮನೆ. ಮೀಟಿ, ಕೂದಲೆಳೆಯಷ್ಟು ಎಳೆಯಬೇಕು. ಪೂರ್ತಿ ಎಳೆದರೆ ನಗುವ ಸ್ವರ ಆಗಿಬಿಡುತ್ತದೆ, ಎಳೆಯದಿದ್ದರೆ ಬರಿ ಅಳು. ಎರಡರ ನಡುವೆ ನಿಲ್ಲಿಸಬೇಕು. ಆರು ವರ್ಷದಿಂದ ಇದೊಂದನ್ನೇ ತಿದ್ದುತ್ತಿದ್ದೇನೆ, ಈಗಲೂ ಹತ್ತಕ್ಕೆ ಆರು ಸಲ ಸರಿ ಬಂದರೆ ಜಾಸ್ತಿ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಹಬ್ಬದ ಸೀಸನ್‌ನಲ್ಲಿ ಆರ್ಕೆಸ್ಟ್ರಾ, ಭಾನುವಾರ ಮಕ್ಕಳಿಗೆ ಪಾಠ, ನಡುನಡುವೆ ಮದುವೆ ರಿಸೆಪ್ಷನ್, ಅಲ್ಲಿ ಎಲ್ಲರ ಗಮನವೂ ಊಟದ ಹಾಲ್ ಕಡೆಗೇ. ಬೆಂಗಳೂರು ಎಪ್ಪತ್ತು ಕಿಲೋಮೀಟರ್, ಅಲ್ಲಿಗೇ ಹೋಗಿಬಿಡು ಅನ್ನುತ್ತಾರೆ. ಅಲ್ಲಿನ ಬಾಡಿಗೆ ಕಟ್ಟೋಕೆ ಮತ್ತೆ ರಿಸೆಪ್ಷನ್‌ಗೇ ನುಡಿಸಬೇಕು, ಅದನ್ನು ಇಲ್ಲೇ ಮಾಡಬಹುದಲ್ಲ.

ಈ ವರ್ಷ ಐದು ಟ್ರ್ಯಾಕ್ ಮುಗಿಸಬೇಕು. ಒಂದರಲ್ಲೂ ಮಾತಿಲ್ಲ, ಸ್ಪೀಡ್ ತೋರಿಸೋ ಸರ್ಕಸ್ಸೂ ಇಲ್ಲ. ಈಗ ಹಿಂದೆ ಕೇಳಿಸುತ್ತಿದೆಯಲ್ಲ, ಅದೇ ಮೊದಲನೆಯದು. ಎರಡನೇ ನಿಮಿಷದ ಹತ್ತಿರ ಕುಕ್ಕರ್ ಕೂಗುತ್ತದೆ, ಕೆಳಗಿನ ಮನೆಯದು. ಅವತ್ತು ಆ ಗಾಂಧಾರ ಸರಿಯಾಗಿ ಕೂತಿತ್ತು, ಅದಕ್ಕೇ ಹಾಗೇ ಬಿಟ್ಟೆ.