ಹೆರಿಗೆ ಕೋಣೆಯಲ್ಲಿ ಕನ್ನಡ

ಕೇಳುಗರಿಗೆ ನಮಸ್ಕಾರ.

ಮಲಯಾಳದಲ್ಲಿ ‘ಮುಕ್ಕ್’ ಅಂದರೆ ಉಸಿರು ಬಿಗಿಹಿಡಿದು ಕೆಳಗೆ ಒತ್ತು ಅಂತ. ಕನ್ನಡದಲ್ಲಿ ಮುಕ್ಕುವುದು ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ನನ್ನ ಮೊದಲ ಹೆರಿಗೆಯಲ್ಲಿ ಸಿಸ್ಟರ್ ‘ಮುಕ್ಕ್, ಮುಕ್ಕ್’ ಅಂತ ಜೋರು ಮಾಡುತ್ತಿದ್ದರು. ಈ ಹೊತ್ತಿನಲ್ಲಿ ನಾನು ಏನನ್ನು ಮುಕ್ಕಲಿ? ಅಳುವೇ ಬಂತು. ನಮ್ಮದು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಕಾಸರಗೋಡು ಪೇಟೆಯಲ್ಲಿ ಮೀನಿಗೆ ಚೌಕಾಸಿ ಮಾಡುವಷ್ಟು ಮಲಯಾಳ ಬರುತ್ತಿತ್ತು, ನೋವು ಏರಿದಾಗ ಅದೂ ಮರೆತುಹೋಯಿತು. ಅಮ್ಮ ಬಾಗಿಲ ಹೊರಗೆ. ಕೊನೆಗೆ ನೆಲ ಒರೆಸುತ್ತಿದ್ದ ಹೆಂಗಸೊಬ್ಬರು ಬಂದು ಕೈ ಹಿಡಿದರು. ‘ಪೋಡಿಯೊಡ್ಚಿ ಮಗಾ’ ಅಂದರು, ಹೆದರಬೇಡ ಮಗಾ ಅಂತ, ತುಳುವಿನಲ್ಲಿ.

ಇವತ್ತು ನಾನು ಮಾಡುತ್ತಿರುವುದು ಅವರು ಮಾಡಿದ ಕೆಲಸವನ್ನೇ. ಅದಕ್ಕೆ ಡೂಲಾ ಅಂತ ಹೆಸರು. ಗ್ರೀಕ್ ಮೂಲದ ಪದ, ಹಳೆಯ ಅರ್ಥ ದಾಸಿ. ಆ ಅರ್ಥ ನನಗೇನೂ ಹಿಡಿಸಿಲ್ಲ, ಬಿಡಿ.

‘ಸೂಲಗಿತ್ತಿಯಾ?’ ಅಂತ ಕೇಳುತ್ತಾರೆ. ಅಲ್ಲ. ನಾನು ಮಗು ಹಿಡಿಯುವುದಿಲ್ಲ, ಪರೀಕ್ಷೆ ಮಾಡುವುದಿಲ್ಲ, ಮದ್ದು ಕೊಡುವುದಿಲ್ಲ. ಅದೆಲ್ಲ ಡಾಕ್ಟರು, ಸಿಸ್ಟರ್ ನೋಡಿಕೊಳ್ಳುತ್ತಾರೆ. ಅವರಿಗೆ ಒಂದೇ ಹೊತ್ತಿಗೆ ನಾಲ್ಕು ಹಾಸಿಗೆ ಇರಬಹುದು, ನನಗೆ ಇರುವುದು ಒಬ್ಬಳೇ. ನೋವು ಬಂದಾಗ ಅಂಗೈಯಿಂದ ಅವಳ ಸೊಂಟದ ಕೆಳಗೆ ಗಟ್ಟಿಯಾಗಿ ಒತ್ತುತ್ತೇನೆ. ನೋವು ಇಳಿದಾಗ ಒಂದು ಗುಟುಕು ನೀರು. ಡಾಕ್ಟರು ಬೇಡ ಅನ್ನದಿದ್ದರೆ ನಾಲ್ಕು ಹೆಜ್ಜೆ ನಡೆಸುತ್ತೇನೆ. ಒಳಗೆ ಡಾಕ್ಟರು, ಸಿಸ್ಟರ್ ಹೇಳಿದ್ದನ್ನೆಲ್ಲ ಅವಳ ಭಾಷೆಯಲ್ಲಿ ಮತ್ತೊಮ್ಮೆ ಹೇಳುತ್ತೇನೆ.

‘ಕೈ ಹಿಡಿಯುವುದಕ್ಕೂ ದುಡ್ಡಾ?’ ಅಂತ ನನ್ನ ಅತ್ತೆಯೇ ಕೇಳಿದ್ದರು. ರಾತ್ರಿಯಿಡೀ ಹಿಡಿದು ನೋಡಿ ಅತ್ತೆ, ಅಂದೆ. ಇದು ಸುಮ್ನೆ ಸಮಾಧಾನದ ಮಾತೂ ಅಲ್ಲ. ಕೊಕ್ರೇನ್ ಅಂತ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಸಂಸ್ಥೆಯೊಂದಿದೆ. 26 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಅದರ ವರದಿ 2017ರಲ್ಲಿ ಬಂತು. ಹೆರಿಗೆಯುದ್ದಕ್ಕೂ ಜತೆಗೊಬ್ಬರು ಇದ್ದವರಲ್ಲಿ ಸಿಸೇರಿಯನ್ ಕಡಿಮೆ, ಹೆರಿಗೆಯ ಹೊತ್ತೂ ಸ್ವಲ್ಪ ಕಡಿಮೆ ಅಂತ ಅದರಲ್ಲಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಜತೆಗೊಬ್ಬರು ಇರಬಹುದು ಅಂತ ಕೇಂದ್ರ ಸರಕಾರ 2016ರಲ್ಲೇ ಹೇಳಿದೆ. ಆದರೂ ಬಾಗಿಲು ಎಲ್ಲ ಕಡೆ ಒಂದೇ ಥರ ತೆರೆಯುವುದಿಲ್ಲ. ಹಾಗಾಗಿ ತಿಂಗಳು ಮೊದಲೇ ಹೋಗಿ ಕೇಳಿಕೊಳ್ಳುತ್ತೇನೆ. ಕೆಲವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ, ಅಲ್ಲಿಗೂ ಹೋಗುತ್ತೇನೆ.

ಈಗ ಬದಿಯಡ್ಕದ ಕಡೆಯ ಒಬ್ಬಳಿಗೆ ದಿನ ಹತ್ತಿರವಾಗಿದೆ. ಕಳೆದ ವಾರ ಅವಳ ಗಂಡನಿಗೂ ಸೊಂಟ ಒತ್ತುವುದನ್ನು ಹೇಳಿಕೊಟ್ಟೆ. ಚಪಾತಿ ಹಿಟ್ಟು ನಾದಿದ ಹಾಗೆ ನಾದಿದ. ‘ಅಕ್ಕಾ, ನೀವೇ ಬನ್ನಿ’ ಅಂದಳು ಅವಳು.