ಕುಂಡದಲ್ಲೊಂದು ಹುಲ್ಲಿನ ತೆಂಡೆ

ಕೇಳುಗರಿಗೆ ನಮಸ್ಕಾರ.

ಕೈತೋಟದ ಮಾತು ಬಂದಾಗ ಹುಲ್ಲು ನಮ್ಮ ಲೆಕ್ಕಕ್ಕೆ ಬರುವುದು ಎರಡೇ ಬಗೆಯಲ್ಲಿ. ಒಂದೋ ಕಿತ್ತು ಎಸೆಯುವ ಕಳೆಯಾಗಿ, ಇಲ್ಲವೇ ಕತ್ತರಿಸಿ ಮಟ್ಟ ಮಾಡುವ ಹಾಸಾಗಿ. ತನ್ನಷ್ಟಕ್ಕೆ ಎದ್ದು, ತೆನೆ ಬಿಟ್ಟು, ಗಾಳಿ ಬಂದತ್ತ ಬಾಗುವ ಹುಲ್ಲನ್ನು ಅದರ ಚೆಲುವಿಗಾಗಿಯೇ ಬೆಳೆಸುವವರು ನಮ್ಮಲ್ಲಿ ಕಡಿಮೆ. ಆದರೆ 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಪಕ್ಕದ ಓಣಿಗೆ, ಮಹಡಿಯ ಬಾಲ್ಕನಿಗೆ, ತಾರಸಿಯ ಬಿಸಿಲಿಗೆ ಇಷ್ಟು ಚೆನ್ನಾಗಿ ಹೊಂದುವ ಗಿಡಗಳು ಹೆಚ್ಚಿಲ್ಲ. ಹುಲ್ಲು ಅಗಲಕ್ಕಿಂತ ಎತ್ತರವನ್ನೇ ಹೆಚ್ಚು ಬಳಸಿಕೊಳ್ಳುತ್ತದೆ. ಹನ್ನೆರಡು ಅಂಗುಲದ ಒಂದು ಕುಂಡವಿದ್ದರೆ ಅದರ ಸಂಸಾರ ಸಾಗುತ್ತದೆ.

ಕೊಳ್ಳುವ ಮೊದಲು ಒಂದು ವಿಷಯ ಗಮನಿಸಿ. ಕೆಲವು ಹುಲ್ಲುಗಳು ಇದ್ದಲ್ಲೇ ತೆಂಡೆ ಒಡೆದು ಬುಡ ದಪ್ಪ ಮಾಡಿಕೊಳ್ಳುತ್ತವೆ. ಇನ್ನು ಕೆಲವು ನೆಲದೊಳಗೆ ಗೆಣ್ಣುಗೆಣ್ಣಾಗಿ ಓಡಿ ಎಲ್ಲೆಲ್ಲೋ ತಲೆ ಎತ್ತುತ್ತವೆ. ಚಿಕ್ಕ ಜಾಗಕ್ಕೆ ಬೇಕಾದದ್ದು ಮೊದಲನೆಯ ಜಾತಿ. ನರ್ಸರಿಯಲ್ಲಿ ಕುಂಡವನ್ನು ಕೈಗೆತ್ತಿಕೊಂಡು ನೋಡಿ: ಹೊಸ ಚಿಗುರುಗಳು ನಡುವಿನ ಬುಡಕ್ಕೆ ಅಂಟಿಕೊಂಡೇ ಬಂದಿದ್ದರೆ ನಿಶ್ಚಿಂತೆಯಿಂದ ಮನೆಗೆ ತನ್ನಿ. ಕುಂಡದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಇಣುಕುತ್ತಿದ್ದರೆ ಅದು ಓಡುವ ಹುಲ್ಲು. ದರ್ಭೆಯೂ ಗರಿಕೆಯೂ ಈ ಗುಂಪಿನವೇ. ಪೂಜೆಗೆ ಬೇಕೆಂದು ಬೆಳೆಸುವವರು ಅವನ್ನು ಕುಂಡದಲ್ಲೇ ಇಟ್ಟುಕೊಳ್ಳಿ. ನೆಲಕ್ಕೆ ಇಳಿಸಿದರೆ ಮುಂದಿನ ವರ್ಷ ಕಲ್ಲುಹಾಸಿನ ಸಂದಿಯಲ್ಲೂ ಅವೇ ಇರುತ್ತವೆ.

ಇನ್ನೊಂದು ಮಾತು. ಮೊಬೈಲ್‌ನಲ್ಲಿ ಕಾಣುವ ಚಿತ್ರಗಳಲ್ಲಿ ನೀಲಿ ಬಣ್ಣದ ಪುಟ್ಟ ಹುಲ್ಲೊಂದು ಇರುತ್ತದೆ. ಬ್ಲೂ ಫೆಸ್ಕ್ಯೂ ಎಂದು ಅದರ ಹೆಸರು. ಯೂರೋಪಿನ ತಂಪಿಗೆ ಅದು ಸೊಗಸು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲನ್ನು ಅದು ಸಹಿಸುವುದಿಲ್ಲ. ಮಳೆಗಾಲದ ತೇವಕ್ಕೆ ಬುಡ ಕೊಳೆಯುತ್ತದೆ. ಚಳಿನಾಡಿನ ಹುಲ್ಲುಗಳಿಗೆ ದುಡ್ಡು ಸುರಿದು ನೊಂದುಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಬಿಸಿಲನ್ನೇ ಬೇಡುವ ಚೆಲುವಾದ ಹುಲ್ಲುಗಳು ಇಲ್ಲೇ ಬೇಕಾದಷ್ಟಿವೆ.

ಅವುಗಳಲ್ಲಿ ಮೊದಲು ಹೇಳಬೇಕಾದದ್ದು ನೇರಳೆ ಫೌಂಟನ್ ಹುಲ್ಲು. ಬೆಂಗಳೂರಿನಲ್ಲಿ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳ ಸಾಲಿನಲ್ಲಿ ವಿಚಾರಿಸಿ ನೋಡಿ. ಕುಂಡದಲ್ಲಿ ಎರಡೂವರೆ, ಮೂರು ಅಡಿ ಏರುತ್ತದೆ. ಎಲೆ ಕಡುಗೆಂಪು, ಕಳಿತ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುವಂಥದ್ದು. ತೆನೆ ಹೊರಬಂದಾಗ ಹತ್ತಿರ ಹೋಗಿ ನೋಡಬೇಕು. ಗೇಣುದ್ದದ ಆ ತೆನೆಯ ತುಂಬ ಕೂದಲೆಳೆಯಂಥ ನವಿರಾದ ಮುಳ್ಳುಗಳಿರುತ್ತವೆ, ಮುಟ್ಟಿದರೆ ಚುಚ್ಚುವುದಿಲ್ಲ. ಬೆಳಕು ಮುಂದಿನಿಂದ ಬಿದ್ದರೆ ಅದು ಮಂಕು ಕಂದು ಬಣ್ಣದ ಕಡ್ಡಿಯಷ್ಟೆ. ಅದೇ ಸಂಜೆ ಐದರ ಬಿಸಿಲು ಹಿಂದಿನಿಂದ ಬಂದರೆ ಒಂದೊಂದು ಎಳೆಯ ತುದಿಯೂ ಹೊತ್ತಿಕೊಂಡಂತೆ ಕಾಣುತ್ತದೆ. ಆದ್ದರಿಂದ ಹುಲ್ಲಿನ ಕುಂಡವನ್ನು ಎಲ್ಲಿಡಬೇಕು ಎನ್ನುವುದನ್ನು ನೀವು ಕುರ್ಚಿ ಹಾಕಿ ಕೂರುವ ಜಾಗದಿಂದ ನಿರ್ಧರಿಸಿ. ನಿಮಗೂ ಸೂರ್ಯನಿಗೂ ನಡುವೆ ಅದು ಇರಬೇಕು. ಪೂರ್ವದ ಬಾಲ್ಕನಿಯಾದರೆ ಬೆಳಗಿನ ಕಾಫಿಯ ಹೊತ್ತು, ಪಶ್ಚಿಮದ್ದಾದರೆ ಸಂಜೆ.

ಇದೇ ಹುಲ್ಲಿನ ಹಸಿರು ಬಗೆಯನ್ನು ಮಾತ್ರ ದಯವಿಟ್ಟು ತರಬೇಡಿ. ನೇರಳೆ ಬಗೆಯಲ್ಲಿ ಬೀಜ ಕಟ್ಟುವುದು ತೀರ ಅಪರೂಪ. ಹಸಿರು ಬಗೆಯ ಬೀಜ ಗಾಳಿಯಲ್ಲಿ ಹಾರಿ ಸಿಕ್ಕಲ್ಲೆಲ್ಲ ಮೊಳೆಯುತ್ತದೆ. ಹವಾಯಿ ದ್ವೀಪಗಳಲ್ಲಿ ಅದು ಬಯಲುಗಳನ್ನು ಆಕ್ರಮಿಸಿ, ಒಣಗಿ, ಬೆಂಕಿಗೆ ಮೇವಾಗಿ ಅಲ್ಲಿನ ಮೂಲ ಸಸ್ಯಗಳಿಗೆ ಕಂಟಕವಾಗಿದೆ. ನಮ್ಮ ಅಂದದ ಆಸೆ ಊರ ಹೊರಗಿನ ಹುಲ್ಲುಗಾವಲಿಗೆ ಕೇಡಾಗಬಾರದು.

ಈಗ ನಮ್ಮವೇ ಹುಲ್ಲುಗಳು. ಲಾವಂಚವನ್ನು ನಾವು ಬೇರಿನ ಪರಿಮಳಕ್ಕಾಗಿ ಬಲ್ಲೆವು, ಗಿಡವಾಗಿ ನೋಡಿದವರು ಕಡಿಮೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚದ ಸಾಲು ಹಾಕುತ್ತಿದ್ದರು. 1980ರ ದಶಕದಲ್ಲಿ ಮಣ್ಣು ಸಂರಕ್ಷಣೆಯ ಸಲುವಾಗಿ ಲಾವಂಚವನ್ನು ಜಗತ್ತಿಗೆಲ್ಲ ಪ್ರಚಾರ ಮಾಡಿದ ವಿಶ್ವಬ್ಯಾಂಕಿನ ತಜ್ಞರು ಈ ರೂಢಿಯನ್ನು ಮೆಚ್ಚಿ ಉದಾಹರಿಸಿದ್ದಾರೆ. ಬದುವಿಗೆ ಅದು ಒಗ್ಗಿದ ಕಾರಣವೇ ನಮ್ಮ ಕುಂಡಕ್ಕೂ ಒಗ್ಗುವ ಕಾರಣ: ಬೇರು ನೇರ ಕೆಳಕ್ಕೆ ಇಳಿಯುತ್ತದೆ, ಪಕ್ಕಕ್ಕೆ ಓಡುವುದಿಲ್ಲ. ಬಿಟ್ಟರೆ ಐದಡಿ ಏರುತ್ತದೆ, ನಿಜ. ಎರಡಡಿಗೆ ಕತ್ತರಿಸುತ್ತ ಬಂದರೆ ನೆಟ್ಟಗೆ, ಒತ್ತಾಗಿ, ಪಕ್ಕದ ಮನೆಯ ಕಿಟಕಿಗೆ ಹಸಿರು ಮರೆಯಾಗಿ ನಿಲ್ಲುತ್ತದೆ. ಅದಕ್ಕೆ ಆಳವಾದ ಡ್ರಮ್ಮು ಕೊಡಿ. ಒಂದೂವರೆ ವರ್ಷದ ಮೇಲೆ ಡ್ರಮ್ಮು ಮಗುಚಿದರೆ ಮನೆಮಂದಿಯ ಕುಡಿಯುವ ನೀರಿಗೆ ಹಾಕುವಷ್ಟು ಬೇರೂ ಸಿಗುತ್ತದೆ.

ಮಜ್ಜಿಗೆ ಹುಲ್ಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕಷಾಯಕ್ಕೆಂದು ಎಷ್ಟೋ ಮನೆಗಳಲ್ಲಿ ಅದು ಇದ್ದೇ ಇದೆ. ಅದನ್ನು ಹಿತ್ತಲಿನಿಂದ ಮುಂಬಾಗಿಲಿಗೆ ತಂದು ಒಳ್ಳೆಯ ಮಣ್ಣಿನ ಕುಂಡದಲ್ಲಿಡಿ ಎಂದಷ್ಟೇ ನನ್ನ ಸಲಹೆ. ಕತ್ತರಿಸುವಾಗ ಎಲೆಯಂಚಿನ ಬಗ್ಗೆ ಎಚ್ಚರ, ಕೈ ಕೊಯ್ಯುತ್ತದೆ.

ಬೇಬಿ ಬ್ಯಾಂಬೂ ಎಂದು ಮಾರುವ ಪುಟ್ಟ ಗಿಡವೊಂದಿದೆ. ಹೆಸರು ಬಿದಿರಿನದಾದರೂ ಅದು ಒಂದಡಿ ಎತ್ತರದ ಹುಲ್ಲು. ಪಶ್ಚಿಮಘಟ್ಟದಲ್ಲಿ ನೀರು ಜಿನುಗುವ ಬಂಡೆಗಳ ಮೇಲೆ ತಾನಾಗಿ ಬೆಳೆಯುತ್ತದೆ. ಆ ಬಂಡೆಯ ತೇವವನ್ನು ಮನೆಯಲ್ಲೂ ಕೊಡಬೇಕು. ಒಂದೆರಡು ದಿನ ನೀರು ಮರೆತರೆ ಗರಿಯೆಲ್ಲ ಕಂದಾಗುತ್ತದೆ. ಇದರ ಕುಂಡದಡಿಗೆ ನೀರಿನ ತಟ್ಟೆ ಇಟ್ಟರೆ ಸರಿ. ಬೇರೆ ಯಾವ ತೆಂಡೆಹುಲ್ಲಿಗೂ ಅಂಥ ತಟ್ಟೆ ಬೇಡ.

ನನಗೆ ಬಹಳ ಪ್ರಿಯವಾದದ್ದು ನವಣೆ. ಅದೂ ಹುಲ್ಲೇ ತಾನೆ? ಜೂನ್ ಕೊನೆಗೆ ಅಗಲವಾದ ಕುಂಡದಲ್ಲಿ ಒಂದು ಚಿಟಿಕೆ ಬೀಜ ಉದುರಿಸಿ, ಮೊಳೆತ ಮೇಲೆ ನಾಲ್ಕು ಬೆರಳಿಗೊಂದರಂತೆ ಉಳಿಸಿ ಮಿಕ್ಕದ್ದು ಕಿತ್ತುಬಿಡಿ. ಮೂರು ತಿಂಗಳೊಳಗೆ ತೆನೆ ತೂಕಕ್ಕೆ ಬಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ರಾಟವಾಳ ಹಕ್ಕಿಗಳು ಜೋಡಿಜೋಡಿಯಾಗಿ ಬಂದು, ದಂಟು ಬಳುಕಿದರೂ ಬಿಡದೆ ತೆನೆಗೇ ಜೋತು ಕಾಳು ಬಿಡಿಸುತ್ತವೆ. ಅವನ್ನು ಓಡಿಸಬೇಡಿ. ಆ ಪಾಲು ಅವುಗಳದೇ.

ಈ ಎಲ್ಲ ಹುಲ್ಲುಗಳಿಗೂ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಬೇಬಿ ಬ್ಯಾಂಬೂ ಮಾತ್ರ ಎಳೆಬಿಸಿಲಿನಲ್ಲೂ ಬದುಕುತ್ತದೆ. ಪೂರ್ತಿ ನೆರಳಿನ ಬಾಲ್ಕನಿಯವರು ಮಾಂಡೋ ಹುಲ್ಲು ತನ್ನಿ. ಸಸ್ಯಶಾಸ್ತ್ರದ ಪ್ರಕಾರ ಅದು ಶತಾವರಿಯ ನಂಟ, ಆದರೂ ಹುಲ್ಲಿನ ರೂಪ, ಗಿಡ್ಡ ತಳಿಗಳು ಮೂರ್ನಾಲ್ಕು ಅಂಗುಲ ಮೀರುವುದಿಲ್ಲ. ಅದರ ಎಲೆತುದಿ ಒಣಗುತ್ತಿದ್ದರೆ ಬೋರ್‌ವೆಲ್ ನೀರಿನ ಉಪ್ಪನ್ನು ಅನುಮಾನಿಸಿ. ಮಳೆನೀರು ಹಿಡಿದು ಹಾಕಿ ನೋಡಿ.

ಮಣ್ಣಿಗೆ ಕೆಮ್ಮಣ್ಣು, ಮರಳು, ಎರೆಗೊಬ್ಬರ ಸಮಪಾಲು ಸಾಕು. ಗೊಬ್ಬರ ಹೆಚ್ಚಾದರೆ ಹುಲ್ಲು ಸೊಕ್ಕಿ ಬೆಳೆದು, ದಂಟು ಸೋತು ನಡುವೆ ಬಾಯಿಬಿಟ್ಟು ಮಲಗುತ್ತದೆ. ತಾರಸಿಯಲ್ಲಿಡುವವರು ಹಗುರ ಪ್ಲಾಸ್ಟಿಕ್ ಕುಂಡ ಬಿಟ್ಟು ಮಣ್ಣಿನದೋ ಸಿಮೆಂಟಿನದೋ ತರಲಿ, ಆಷಾಢದ ಗಾಳಿಗೆ ಉದ್ದನೆಯ ಹುಲ್ಲು ಕುಂಡವನ್ನೇ ಉರುಳಿಸುತ್ತದೆ.

ವರ್ಷಕ್ಕೊಮ್ಮೆ, ಶಿವರಾತ್ರಿಯ ಆಸುಪಾಸಿನಲ್ಲಿ, ಫೌಂಟನ್ ಹುಲ್ಲನ್ನೂ ಲಾವಂಚವನ್ನೂ ಬುಡದಿಂದ ಅರ್ಧ ಅಡಿಗೆ ಕತ್ತರಿಸಿಬಿಡಿ. ಮೊದಲ ಸಲ ಕೈ ಹಿಂಜರಿಯುತ್ತದೆ. ಆದರೆ ಹುಲ್ಲಿನ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಬೇಸಿಗೆ ಬಲಿಯುವ ಹೊತ್ತಿಗೆ ಕುಂಡ ಮತ್ತೆ ತುಂಬಿರುತ್ತದೆ.

ಎರಡು ಮೂರು ವರ್ಷವಾದ ಮೇಲೆ ತೆಂಡೆಯ ನಡುಭಾಗ ಒಣಗಿ ಸುತ್ತಲೂ ಮಾತ್ರ ಚಿಗುರು ಉಳಿಯುತ್ತದೆ. ಅದು ಬಿಡಿಸುವ ಕಾಲ. ಮುಂಗಾರು ಹಿಡಿದ ಮೇಲೆ ಗಿಡವನ್ನು ಕುಂಡದಿಂದ ಹೊರಕ್ಕೆ ಜಾರಿಸಿ. ಕುಂಡದ ಆಕಾರಕ್ಕೇ ಸುತ್ತಿ ಹೆಣೆದ ಬಿಳಿ ಬೇರಿನ ಮುದ್ದೆ ಬರುತ್ತದೆ. ಕೈಯಿಂದ ಬಿಡಿಸಲು ಸೆಣಸಬೇಡಿ, ಹಲ್ಲಿನ ಕುಡುಗೋಲಿನಿಂದ ನಾಲ್ಕು ಹೋಳು ಮಾಡಿ. ಒಣ ನಡುಭಾಗ ಕಿತ್ತೆಸೆದು, ಒಂದೊಂದು ಹೋಳಿಗೂ ಐದಾರು ಜೀವಂತ ಚಿಗುರು ಉಳಿಯುವಂತೆ ನೋಡಿಕೊಂಡು, ಎಲೆಯನ್ನು ಅರ್ಧಕ್ಕೆ ಕತ್ತರಿಸಿ ನೆಡಿ. ವಾರವಿಡೀ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ ತನ್ನಿ. ಒಂದು ಹೋಳು ನಿಮಗೆ, ಮಿಕ್ಕ ಮೂರು ಅಕ್ಕಪಕ್ಕದ ಬಾಲ್ಕನಿಗಳಿಗೆ.

ನಮಸ್ಕಾರ.