ಸ್ಪ್ರಿಂಗ್ ಆಮೇಲೆ, ಮೊದಲು ಬ್ರೇಕ್ ನೋಡಿ

ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಕಂಡ ಕೂಡಲೇ ಅದು ಒಳ್ಳೆಯ ಮೌಂಟೇನ್ ಬೈಕ್ ಅಂದುಕೊಳ್ಳಬೇಡಿ ಮಾರಾಯ್ರೆ. ನಾನು ಅಂದುಕೊಂಡಿದ್ದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದೆ. ಉಡುಪಿಯಿಂದ ಮಣಿಪಾಲಕ್ಕೆ ಏರುವಾಗ ತುಳಿದಷ್ಟೂ ಹಿಂದಿನ ಸ್ಪ್ರಿಂಗ್ ಮೇಲೆ ಕೆಳಗೆ ಆಗುತ್ತಿತ್ತು, ಸೈಕಲ್ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಇಳಿಯುವಾಗ ಇನ್ನೂ ಕಷ್ಟ. ಮಳೆ ಬಂದಿತ್ತು, ಬ್ರೇಕ್ ಒತ್ತುವ ರಿಮ್ಮಿಗೆಲ್ಲ ಕೆಂಪು ಕೆಸರು. ಬ್ರೇಕ್ ಎಷ್ಟು ಹಿಡಿದರೂ ಜಾರಿಕೊಂಡೇ ಹೋಯಿತು.

ಈ ಮೌಂಟೇನ್ ಬೈಕ್ ಆಟ ಶುರುವಾದದ್ದೂ ಇಳಿಜಾರಿನಲ್ಲೇ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೇ ಸೈಕಲ್‌ಗಳಲ್ಲಿ ಗುಡ್ಡೆಯ ಮಣ್ಣು ದಾರಿ ಇಳಿಯುತ್ತಿದ್ದರು. 1976ರಲ್ಲಿ ಅಲ್ಲಿ ಶುರುವಾದ ರೇಸಿನ ಹೆಸರು ರಿಪ್ಯಾಕ್. ಒಂದು ಸಲ ಇಳಿದರೆ ಸಾಕು, ಹಿಂದಿನ ಚಕ್ರದ ಹಬ್, ಅಂದರೆ ನಡುವಿನ ಗುಂಬದ, ಒಳಗಿದ್ದ ಬ್ರೇಕ್ ಕಾದು ಗ್ರೀಸ್ ಹೊಗೆಯಾಗುತ್ತಿತ್ತು. ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು. ರಿಪ್ಯಾಕ್ ಅಂದರೆ ಮತ್ತೆ ತುಂಬುವುದು, ಹೆಸರು ಬಂದದ್ದು ಅದರಿಂದಲೇ. ಇಪ್ಪತ್ತು ವರ್ಷ ಕಳೆದು, 1996ರಲ್ಲಿ, ಇದು ಒಲಿಂಪಿಕ್ಸಿಗೂ ಬಂತು.

ಈಗ ಬಗೆ ಬಗೆಯ ಬೈಕ್‌ಗಳಿವೆ. ಮುಂದೆ ಮಾತ್ರ ಸಸ್ಪೆನ್ಷನ್ (ಹೊಡೆತ ತಡೆಯುವ ಸ್ಪ್ರಿಂಗಿನಂಥ ವ್ಯವಸ್ಥೆ) ಇದ್ದರೆ ಹಾರ್ಡ್‌ಟೇಲ್, ಹಿಂದೆಯೂ ಇದ್ದರೆ ಫುಲ್ ಸಸ್ಪೆನ್ಷನ್. ಕ್ರಾಸ್‌ಕಂಟ್ರಿ ಬೈಕ್ ಹಗುರ, ಸಸ್ಪೆನ್ಷನ್ ಸುಮಾರು 100 ಮಿಲಿಮೀಟರ್ ಕುಗ್ಗುತ್ತದೆ, ಏರಿಗೆ ಒಳ್ಳೆಯದು. ಟ್ರೇಲ್ ಬೈಕಿನಲ್ಲಿ ಅದು ಸ್ವಲ್ಪ ಜಾಸ್ತಿ. ಇಳಿಜಾರಿಗೆಂದೇ ಮಾಡಿದ ಡೌನ್‌ಹಿಲ್ ಬೈಕಿನಲ್ಲಿ ಸುಮಾರು 200. ಆದರೆ ಅದನ್ನು ತುಳಿದು ಗುಡ್ಡೆ ಹತ್ತುವುದು ಅಂದರೆ ಸುಮ್ನೆ ಅಲ್ಲ, ಹೆಚ್ಚಿನವರು ಜೀಪಿನಲ್ಲೋ ಲಿಫ್ಟಿನಲ್ಲೋ ಮೇಲೆ ಸಾಗಿಸುತ್ತಾರೆ. ಫ್ಯಾಟ್ ಬೈಕಿನ ಟೈರ್ ಸುಮಾರು 4 ಇಂಚು ಅಗಲ, ಮಲ್ಪೆಯ ಮರಳಲ್ಲೂ ಅಷ್ಟಾಗಿ ಹೂತುಹೋಗುವುದಿಲ್ಲ. ಉಪ್ಪು ನೀರು ತಾಗಿದರೆ ಮನೆಗೆ ಬಂದ ಕೂಡಲೇ ಸಿಹಿ ನೀರಲ್ಲಿ ತೊಳೆದು ಚೈನಿಗೆ ಎಣ್ಣೆ ಹಾಕಿ. ಇಲ್ಲಾಂದ್ರೆ ತುಕ್ಕು ಗ್ಯಾರಂಟಿ.

ನಮ್ಮ ಊರಿನ ದಾರಿ ಹೇಗಿದೆ ಹೇಳಿ? ಪದವಿನ (ಬಯಲು ಗುಡ್ಡೆಯ) ಮುರಕಲ್ಲು, ಅಂದರೆ ಕೆಂಪು ಕಲ್ಲು, ತೋಟದ ಬದಿಯ ಓಣಿ, ಮಳೆಗಾಲದಲ್ಲಿ ಕಲ್ಲಿನ ಮೇಲೆಲ್ಲ ಪಾಚಿ. ಒಮ್ಮೆಲೇ ಏರು, ಒಮ್ಮೆಲೇ ಇಳಿತ. ಮೊದಲ ಸಲ ಕೊಳ್ಳುವವರಿಗೆ ಇಲ್ಲಿ ಹಾರ್ಡ್‌ಟೇಲೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಹಿಂದಿನ ಸ್ಪ್ರಿಂಗಿಗೆ ಹೋಗುವ ದುಡ್ಡು ಒಳ್ಳೆಯ ಡಿಸ್ಕ್ ಬ್ರೇಕಿಗೆ, ಕಚ್ಚಿ ಹಿಡಿಯುವ ಟೈರಿಗೆ ಹೋಗಲಿ. ಡಿಸ್ಕ್ ಇರುವುದು ಚಕ್ರದ ನಡುವಲ್ಲಿ, ರಿಮ್ಮಿನಷ್ಟು ಬೇಗ ಅದಕ್ಕೆ ಕೆಸರು ಮೆತ್ತುವುದಿಲ್ಲ.

ಅಂಗಡಿಗೆ ಹೋದಾಗ ಸೀಟ್ ಒತ್ತಿ ಸ್ಪ್ರಿಂಗ್ ನೋಡುತ್ತೇವೆ ಅಲ್ವಾ? ಈ ಸಲ ಒಂದು ಸುತ್ತು ಓಡಿಸಿ ಬ್ರೇಕ್ ಹಿಡಿದು ನೋಡಿ. ಒಂದೇ ಬೆರಳಿಗೆ ಸೈಕಲ್ ನಿಲ್ಲುತ್ತದಾ ಅಂತ ಕಮೆಂಟಿನಲ್ಲಿ ನನಗೂ ತಿಳಿಸಿ.